ಕೈಗುಣಕ್ಕೆ ನೂರಕ್ಕೆ ಎಷ್ಟು ಅಂಕ?

ಕಣ್ಣಿನ ಪೊರೆ ಆಪರೇಷನ್ ಕಲಿಯುವ ಪ್ರತಿ ಡಾಕ್ಟರಿಗೂ ಒಬ್ಬ ಮೊದಲ ರೋಗಿ ಇರುತ್ತಾರೆ. ತಾವೇ ಮೊದಲನೆಯವರು ಅಂತ ಆ ರೋಗಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ನಮ್ಮ ದೇಶದಲ್ಲಿ ಅವರು ಹೆಚ್ಚಾಗಿ ಸರ್ಕಾರಿ ಆಸ್ಪತ್ರೆಗೆ ಬಂದವರು, ಇಲ್ಲವೇ ಉಚಿತ ಶಿಬಿರದಲ್ಲಿ ಹೆಸರು ಬರೆಸಿ ಮೆಡಿಕಲ್ ಕಾಲೇಜಿನ ಬಸ್ಸು ಹತ್ತಿದವರು. ದುಡ್ಡು ಕೊಟ್ಟು ಹೋಗುವವರು ದೊಡ್ಡ ಡಾಕ್ಟರೇ ಮಾಡಬೇಕು ಅಂತ ಕೇಳುತ್ತಾರೆ. ಕಲಿಯುವವರ ಕೈಗೆ ಬರುವುದು ಹಾಗೆ ಕೇಳಲಾಗದವರ ಕಣ್ಣು. ಪಕ್ಕದಲ್ಲೇ ಸೀನಿಯರ್ ಕೂತಿರುತ್ತಾರೆ, ಎಡವಟ್ಟಾಗುವ ಸೂಚನೆ ಕಂಡರೆ ಕೇಸನ್ನು ತಾವೇ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ಕಣ್ಣಿನೊಳಗೆ ಎಡವಟ್ಟಾಗಲು ಅರ್ಧ ಸೆಕೆಂಡು ಸಾಕು.

ಹಾಗಾದರೆ ಮೊದಲ ಕಣ್ಣಿಗೆ ಕೈ ಹಾಕುವ ಮುಂಚೆ ಆ ಕೈ ತಯಾರಾಗಿದೆಯೇ ಅಂತ ತಿಳಿಯುವುದು ಹೇಗೆ? ಇದಕ್ಕೆ ಉತ್ತರವೆಂದು ಈಗ ಮುಂದಿಡುತ್ತಿರುವುದು ವರ್ಚುವಲ್ ರಿಯಾಲಿಟಿ ಸಿಮ್ಯುಲೇಟರ್, ಅಂದರೆ ರೋಗಿಯ ಬದಲು ಕಂಪ್ಯೂಟರ್ ತೋರಿಸುವ ಚಿತ್ರದ ಮೇಲೆ ಕೈ ಪಳಗಿಸುವ ಯಂತ್ರ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ, ಎಂಡೋಸ್ಕೋಪಿ, ಮಂಡಿಯ ಆರ್ತ್ರೊಸ್ಕೋಪಿ, ಹೀಗೆ ಎಲ್ಲಕ್ಕೂ ಇಂಥ ಯಂತ್ರಗಳು ಬಂದಿವೆ. ಅಭ್ಯಾಸ ಮಾಡಿಸುತ್ತವೆ, ಕೊನೆಗೆ ನೂರಕ್ಕೆ ಇಷ್ಟು ಅಂತ ಅಂಕವನ್ನೂ ಕೊಡುತ್ತವೆ. ಅಭ್ಯಾಸ ಒಳ್ಳೆಯದು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ನನಗೆ ಮುಖ್ಯ ಅನಿಸುವುದು ಆ ಅಂಕ. ಅದನ್ನು ಎಷ್ಟು ನಂಬಬಹುದು, ಯಾವ ನಿರ್ಧಾರಕ್ಕೆ ಬಳಸಬಹುದು? ಇಲ್ಲಿ ಜಾಸ್ತಿ ಕಣ್ಣಿನ ಆಪರೇಷನ್ ಬಗ್ಗೆಯೇ ಹೇಳುತ್ತೇನೆ. ಭಾರತದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್ ನಡೆಯುತ್ತವೆ. ಅಲ್ಲದೆ, ಈ ಯಂತ್ರಗಳ ಬಗ್ಗೆ ಗಟ್ಟಿ ಪುರಾವೆ ಇರುವ ಕ್ಷೇತ್ರಗಳಲ್ಲಿ ಇದೂ ಒಂದು.

ಕಣ್ಣಿನ ಸಿಮ್ಯುಲೇಟರ್‌ಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಜರ್ಮನಿಯ ಮಾನ್‌ಹೈಮ್‌ನಲ್ಲಿ ತಯಾರಾದ ‘ಐಸಿ’. ಮೇಜಿನ ಮೇಲೆ ಒಂದು ಗೊಂಬೆ ತಲೆ. ಕಣ್ಣಿರಬೇಕಾದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಗುಡ್ಡೆ, ಅದರಲ್ಲಿ ಉಪಕರಣ ತೂರಿಸಲು ತೂತುಗಳು. ಮೇಲೆ ಮೈಕ್ರೋಸ್ಕೋಪ್. ಅದಕ್ಕೆ ಕಣ್ಣಿಟ್ಟರೆ ಎರಡು ಪುಟ್ಟ ಪರದೆಗಳ ಮೇಲೆ ಆಳ ಅಗಲ ಸಮೇತ ಕಣ್ಣಿನ ಒಳಭಾಗ ಕಾಣುತ್ತದೆ. ಕಾಲ ಕೆಳಗೆ ಎರಡು ಪೆಡಲ್, ಒಂದು ಮೈಕ್ರೋಸ್ಕೋಪಿನದು, ಇನ್ನೊಂದು ಪೊರೆ ಒಡೆಯುವ ಫೇಕೋ ಯಂತ್ರದ್ದು. ಕೈಯಲ್ಲಿರುವ ಉಪಕರಣದ ತುದಿ ಎಲ್ಲಿದೆ, ಎತ್ತ ಹೊರಳಿತು ಅಂತ ಒಳಗಿನ ಕ್ಯಾಮೆರಾಗಳು ನೋಡುತ್ತಲೇ ಇರುತ್ತವೆ.

ಪೊರೆ ಆಪರೇಷನ್ನಿನಲ್ಲಿ ಕಲಿಯುವವರು ಹೆಚ್ಚು ಒದ್ದಾಡುವ ಹಂತ ಒಂದಿದೆ. ಡಾಕ್ಟರುಗಳು ಅದನ್ನು ಚಿಕ್ಕದಾಗಿ ‘ರೆಕ್ಸಿಸ್’ ಅನ್ನುತ್ತಾರೆ. ಕಣ್ಣಿನ ಲೆನ್ಸ್ ಒಂದು ಪಾರದರ್ಶಕ ಚೀಲದೊಳಗೆ ಇರುತ್ತದೆ. ಆ ಚೀಲದ ಮುಂಭಾಗದಲ್ಲಿ ಸುಮಾರು 5 ಮಿಲಿಮೀಟರ್ ಅಗಲದ ದುಂಡನೆ ಕಿಂಡಿ ಮಾಡಬೇಕು. ಕತ್ತರಿ ಬಳಸುವಂತಿಲ್ಲ. ಮೊದಲು ಸೂಜಿಯಿಂದ ಸಣ್ಣದೊಂದು ತುದಿ ಎಬ್ಬಿಸಿ, ಅದನ್ನು ಹಿಡಿದು ಸುತ್ತಲೂ ಹರಿಯುತ್ತಾ ಬರಬೇಕು. ಎಳೆಯುವ ದಿಕ್ಕು ಚೂರು ತಪ್ಪಿದರೆ ಹರಿದ ಗೆರೆ ಅಂಚಿನ ಕಡೆಗೆ ಓಡಿಬಿಡುತ್ತದೆ. ಕೆಟ್ಟ ದಿನವಾದರೆ ಚೀಲದ ಹಿಂಭಾಗಕ್ಕೂ ಸುತ್ತಿಕೊಂಡು ಹೋಗುತ್ತದೆ. ಹಿಂಭಾಗದ ದಪ್ಪ ಒಂದು ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದು ಹರಿದರೆ, ನಮ್ಮ ಕಣ್ಣಿನ ಡಾಕ್ಟರುಗಳ ಬಾಯಲ್ಲಿ ಹೇಳುವುದಾದರೆ ‘ಪಿಸಿ ರೆಂಟ್’ ಆದರೆ, ಹಿಂದಿರುವ ಲೋಳೆಯಂಥ ವಿಟ್ರಿಯಸ್ ಮುಂದಕ್ಕೆ ನುಗ್ಗುತ್ತದೆ. ನುರಿತವರು ಆಗಲೂ ಕಣ್ಣನ್ನು ಉಳಿಸಿಕೊಳ್ಳುತ್ತಾರೆ. ಆದರೂ ಸೋಂಕು ಮತ್ತು ರೆಟಿನಾ ಕಳಚುವ ಅಪಾಯ ಏರುತ್ತದೆ.

ಯಂತ್ರ ಈ ರೆಕ್ಸಿಸ್ ಅನ್ನು ಹೇಗೆ ಅಳೆಯುತ್ತದೆ? ಕಿಂಡಿ ಎಷ್ಟು ದುಂಡಗಿದೆ, ನಡುವಿನಲ್ಲಿದೆಯೇ, ಅಳತೆ ಸರಿಯಿದೆಯೇ ಅಂತ ನೋಡುತ್ತದೆ. ಉಪಕರಣ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಎಷ್ಟು ಸಲ ತಾಗಿತು, ಒಳಹೋಗುವ ಗಾಯದ ಅಂಚನ್ನು ಎಷ್ಟು ಜಗ್ಗಿತು, ಎಷ್ಟು ಹೊತ್ತು ಬೇಕಾಯಿತು ಅಂತ ಲೆಕ್ಕ ಇಡುತ್ತದೆ. ತಪ್ಪುಗಳಿಗೆ ಅಂಕ ಕಳೆದು ಮೊತ್ತ ತೋರಿಸುತ್ತದೆ. ಪಕ್ಕದಲ್ಲಿ ಕೂತ ಗುರುವಿಗೆ ಇಷ್ಟು ಸೂಕ್ಷ್ಮ ಲೆಕ್ಕ ಇಡಲು ಆಗುವುದಿಲ್ಲ. ಇದು ಯಂತ್ರದ ದೊಡ್ಡ ಬಲ, ಇದನ್ನು ಒಪ್ಪಲೇಬೇಕು.

ಇಷ್ಟು ಕಾಲ ನಾವು ಹೇಗೆ ಅಳೆಯುತ್ತಿದ್ದೆವು ಅಂತ ನೆನಪಿಸಿಕೊಂಡರೆ ಈ ಬಲದ ಬೆಲೆ ಗೊತ್ತಾಗುತ್ತದೆ. ಸರ್ಜನ್ ಆಗಲು ಪಾಸಾಗಬೇಕಾದ ನಮ್ಮ ಎಂಎಸ್ ಪರೀಕ್ಷೆಯಲ್ಲಿ, ಒಬ್ಬ ರೋಗಿಯನ್ನು ವಿವರವಾಗಿ ನೋಡಿ ಹೇಳುವ ಲಾಂಗ್ ಕೇಸ್ ಇದೆ, ಚುಟುಕಾಗಿ ನೋಡಿ ಹೇಳುವ ಶಾರ್ಟ್ ಕೇಸ್ ಇದೆ, ಮೇಜಿನ ಮೇಲೆ ಉಪಕರಣ ಜೋಡಿಸಿಟ್ಟು ಕೇಳುವ ವೈವಾ ಇದೆ. ವಿದ್ಯಾರ್ಥಿ ಆಪರೇಷನ್ ಮಾಡುವಾಗ ಪರೀಕ್ಷಕರು ಪಕ್ಕದಲ್ಲಿ ನಿಂತು ಅಂಕ ಹಾಕುವುದು ಸಾಮಾನ್ಯವಾಗಿ ಇಲ್ಲ. ಉಳಿದದ್ದು ಲಾಗ್‌ಬುಕ್ ಮತ್ತು ವಿಭಾಗದ ಹಿರಿಯರ ಅಭಿಪ್ರಾಯ. ಲಾಗ್‌ಬುಕ್ ಎಷ್ಟು ಕೇಸ್ ಆಯಿತು ಅಂತ ಹೇಳುತ್ತದೆ, ಎಷ್ಟು ಚೆನ್ನಾಗಿ ಆಯಿತು ಅಂತ ಹೇಳುವುದಿಲ್ಲ. ಹಿರಿಯರ ಅಭಿಪ್ರಾಯ ಬಹಳ ಸಲ ಸರಿಯೇ ಇರುತ್ತದೆ. ಆದರೆ ಒಬ್ಬರಿಗೆ ‘ಪರವಾಗಿಲ್ಲ’ ಅನಿಸಿದ ಕೈ ಇನ್ನೊಬ್ಬರಿಗೆ ‘ಇನ್ನೂ ಪಳಗಬೇಕು’ ಅನಿಸಬಹುದು.

ಇದನ್ನು ಸರಿಪಡಿಸಲು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸರ್ಜನ್‌ಗಳು 1990ರ ದಶಕದಲ್ಲಿ ‘ಒಸ್ಯಾಟ್ಸ್’ ಎಂಬ ಪದ್ಧತಿ ತಂದರು. ಅಂಗಾಂಶವನ್ನು ಎಷ್ಟು ಮೃದುವಾಗಿ ಮುಟ್ಟುತ್ತಾರೆ, ಅನಗತ್ಯ ಚಲನೆ ಎಷ್ಟು, ಉಪಕರಣ ಹಿಡಿಯುವ ರೀತಿ ಹೇಗೆ, ಸಹಾಯಕರನ್ನು ಸರಿಯಾಗಿ ಬಳಸಿಕೊಳ್ಳುತ್ತಾರೆಯೇ, ಇಂಥ ಏಳು ಅಂಶಗಳಿಗೆ 1ರಿಂದ 5ರವರೆಗೆ ಅಂಕ. ಸಿಮ್ಯುಲೇಟರ್ ಸಂಶೋಧನೆಯಲ್ಲಿ ಇವತ್ತಿಗೂ ಒರೆಗಲ್ಲಾಗಿ ಬಳಸುವುದು ಬಹುತೇಕ ಇಂಥ ಪಟ್ಟಿಗಳನ್ನೇ.

ಕೈಚಳಕವನ್ನು ಅಂಕದಲ್ಲಿ ಅಳೆದರೆ ರೋಗಿಗೆ ಏನು ಬಂತು ಅಂತ ಕೇಳುವವರಿಗೆ 2013ರ ಒಂದು ಅಧ್ಯಯನ ತೋರಿಸಬೇಕು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಬೊಜ್ಜಿನ ಆಪರೇಷನ್ ಮಾಡುವ 20 ಸರ್ಜನ್‌ಗಳು ತಮ್ಮ ಒಂದೊಂದು ಆಪರೇಷನ್ ವಿಡಿಯೊ ಕೊಟ್ಟರು. ಯಾರ ವಿಡಿಯೊ ಅಂತ ಹೇಳದೆ ಬೇರೆ ಸರ್ಜನ್‌ಗಳಿಂದ ಅಂಕ ಹಾಕಿಸಲಾಯಿತು. ಆಮೇಲೆ ಆ 20 ಜನರ ರೋಗಿಗಳಿಗೆ ಏನಾಗಿತ್ತು ಅಂತ ದಾಖಲೆ ತೆಗೆದು ನೋಡಿದರು. ಕಡಿಮೆ ಅಂಕದ ಕಾಲು ಭಾಗದವರ ರೋಗಿಗಳಲ್ಲಿ ನೂರಕ್ಕೆ 14.5 ಮಂದಿಗೆ ತೊಡಕಾಗಿತ್ತು. ಹೆಚ್ಚು ಅಂಕದ ಕಾಲು ಭಾಗದವರಲ್ಲಿ 5.2 ಮಾತ್ರ. ಸಾವಿನ ಪ್ರಮಾಣದಲ್ಲೂ ವ್ಯತ್ಯಾಸ ಕಂಡಿತು, ನೂರಕ್ಕೆ 0.26 ಮತ್ತು 0.05. ಇವರೆಲ್ಲ ಕಲಿಕೆ ಮುಗಿಸಿ ವರ್ಷಗಳಿಂದ ಆಪರೇಷನ್ ಮಾಡುತ್ತಿದ್ದವರು ಅನ್ನುವುದನ್ನು ಗಮನಿಸಬೇಕು. ಒಂದು ವಿಡಿಯೊ ನೋಡಿ ಹಾಕಿದ ಅಂಕಕ್ಕೂ ರೋಗಿ ಬದುಕುವುದಕ್ಕೂ ನಂಟಿದೆ ಅಂತಾದ ಮೇಲೆ, ಕೈ ಅಳೆಯುವ ಕೆಲಸವನ್ನು ಅಂದಾಜಿಗೆ ಬಿಡುವುದು ಸರಿಯಲ್ಲ.

ಸರಿ, ಯಂತ್ರದ ಅಂಕಕ್ಕೂ ಈ ನಂಟು ಇದೆಯೇ? ಮೊದಲ ಗಟ್ಟಿ ಉತ್ತರ ಬಂದದ್ದು 2002ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ. ಸರ್ಜರಿ ಕಲಿಯುತ್ತಿದ್ದ 16 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾಮೂಲಿ ತರಬೇತಿಯ ಜೊತೆ ‘ಮಿಸ್ಟ್ ವಿಆರ್’ ಎಂಬ ಸಿಮ್ಯುಲೇಟರ್ ಅಭ್ಯಾಸವನ್ನೂ ಕೊಟ್ಟರು. ಆಮೇಲೆ ಎಲ್ಲರೂ ನಿಜವಾದ ರೋಗಿಗಳಲ್ಲಿ ಲ್ಯಾಪರೊಸ್ಕೋಪಿಯಿಂದ ಪಿತ್ತಕೋಶವನ್ನು ಲಿವರಿನಿಂದ ಬಿಡಿಸಿದರು. ಯಂತ್ರದಲ್ಲಿ ಅಭ್ಯಾಸ ಮಾಡಿದವರು ಶೇ 29ರಷ್ಟು ಬೇಗ ಮುಗಿಸಿದರು. ಉಳಿದವರು ಪಿತ್ತಕೋಶಕ್ಕೆ ಗಾಯ ಮಾಡುವ ಅಥವಾ ಬೇರೆ ಅಂಗಾಂಶ ಸುಡುವ ಸಾಧ್ಯತೆ ಐದು ಪಟ್ಟು ಹೆಚ್ಚಿತ್ತು.

ಈ ಅಧ್ಯಯನದಲ್ಲಿ ಎಲ್ಲರೂ ಈ ಸಂಖ್ಯೆಗಳನ್ನೇ ಎತ್ತಿ ಹೇಳುತ್ತಾರೆ. ನನಗೆ ಮುಖ್ಯ ಅನಿಸುವುದು ಬೇರೆ ಎರಡು ವಿಷಯ. ಆ ಯಂತ್ರದ ಪರದೆಯಲ್ಲಿ ಲಿವರೂ ಇರಲಿಲ್ಲ, ಪಿತ್ತಕೋಶವೂ ಇರಲಿಲ್ಲ. ಹಿಡಿಯಲು, ಸರಿಸಲು, ಗುರಿಯಿಟ್ಟು ಸುಡಲು ಗೋಲಗಳು, ಚೌಕಗಳು, ಅಷ್ಟೇ. ಚಿತ್ರ ನಿಜದಂತೆ ಕಾಣದಿದ್ದರೂ ಕೈ ಕಲಿಯಿತು. ಎರಡನೆಯದು, ಅಭ್ಯಾಸಕ್ಕೆ ಇಷ್ಟು ಗಂಟೆ ಅಂತ ಗಡುವು ಇಟ್ಟಿರಲಿಲ್ಲ. ಮೊದಲು ಅನುಭವಿ ಸರ್ಜನ್‌ಗಳನ್ನು ಅದೇ ಯಂತ್ರದಲ್ಲಿ ಕೂರಿಸಿ ಅವರ ಮಟ್ಟ ಎಷ್ಟು ಅಂತ ನೋಡಿಕೊಂಡಿದ್ದರು. ಕಲಿಯುವವರು ಆ ಮಟ್ಟ ಮುಟ್ಟುವ ತನಕ ಬಿಡಲಿಲ್ಲ. 2009ರಲ್ಲಿ ಡೆನ್ಮಾರ್ಕ್‌ನಲ್ಲಿ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದ 24 ಮಂದಿಯ ಮೇಲೆ ಇದೇ ದಾರಿಯಲ್ಲಿ ಪರೀಕ್ಷೆ ನಡೆಯಿತು. ಯಂತ್ರದಲ್ಲಿ ಪಳಗಿದವರ ಮೊದಲ ಆಪರೇಷನ್ನಿನ ಅಂಕ, 20ರಿಂದ 50 ಲ್ಯಾಪರೊಸ್ಕೋಪಿ ಮಾಡಿದವರ ಮಟ್ಟದಲ್ಲಿತ್ತು. ಪಳಗದವರದು ಐದಕ್ಕಿಂತ ಕಡಿಮೆ ಮಾಡಿದವರ ಮಟ್ಟ. ಹಿಡಿದ ಸಮಯ 12 ನಿಮಿಷ ಮತ್ತು 24 ನಿಮಿಷ.

ಕಣ್ಣಿಗೆ ವಾಪಸ್ ಬರೋಣ. ‘ಐಸಿ’ ಯಂತ್ರದ ಅಂಕವನ್ನು ಕೋಪನ್‌ಹೇಗನ್‌ನ ತಂಡವೊಂದು ತುಂಬಾ ಶ್ರದ್ಧೆಯಿಂದ ಪರೀಕ್ಷಿಸಿತು. ಯಂತ್ರದ 13 ಅಭ್ಯಾಸಗಳನ್ನು ಹೊಸಬರಿಗೂ ಕೊಟ್ಟರು, ಅನುಭವಿಗಳಿಗೂ ಕೊಟ್ಟರು. ಏಳು ಅಭ್ಯಾಸಗಳಲ್ಲಿ ಇಬ್ಬರ ಅಂಕದ ನಡುವೆ ಸ್ಪಷ್ಟ ವ್ಯತ್ಯಾಸ ಬಂತು. ಉಳಿದ ಆರರಲ್ಲಿ ಬರಲಿಲ್ಲ. ಅಂದರೆ ಆ ಆರರಲ್ಲಿ ಒಬ್ಬರಿಗೆ 90 ಬಂದರೂ ಅವರು ಪಳಗಿದವರೋ ನಿನ್ನೆ ಸೇರಿದವರೋ ಅಂತ ಹೇಳಲಾಗದು. ಪರದೆಯ ಮೇಲೆ ಮಾತ್ರ ಹದಿಮೂರಕ್ಕೂ ಒಂದೇ ಥರದ ಅಂಕ ಕಾಣುತ್ತದೆ. ಯಂತ್ರ ಕೊಂಡವರಿಗೆ ಈ ವಿಷಯ ತಾನಾಗಿ ಗೊತ್ತಾಗುವುದಿಲ್ಲ, ಯಾರೋ ಕೂತು ಪರೀಕ್ಷಿಸಬೇಕಾಗುತ್ತದೆ.

ಹೊಸಬರಿಗೂ ಅನುಭವಿಗಳಿಗೂ ಅಂಕದಲ್ಲಿ ವ್ಯತ್ಯಾಸ ಬಂದರೆ ಯಂತ್ರ ಸರಿಯಾಗಿ ಅಳೆಯುತ್ತಿದೆ ಅಂತಲೇ ಬಹಳಷ್ಟು ಸಂಶೋಧನೆಗಳು ಮುಗಿಸಿಬಿಡುತ್ತವೆ. ಇದು ಸಾಲದು. ಆಸ್ಪತ್ರೆಯ ಯಾವ ಲಿಫ್ಟ್ ಬೇಗ ಬರುತ್ತದೆ ಅಂತ ಪರೀಕ್ಷೆ ಇಟ್ಟರೂ ಹತ್ತು ವರ್ಷದಿಂದ ಇರುವವರೇ ಗೆಲ್ಲುತ್ತಾರೆ, ಅಲ್ವಾ? ವ್ಯತ್ಯಾಸ ಕಂಡ ಮಾತ್ರಕ್ಕೆ ಅದು ಆಪರೇಷನ್ ಕೌಶಲ ಆಗುವುದಿಲ್ಲ. ನಿಜವಾದ ಪ್ರಶ್ನೆ ಇನ್ನೂ ಮುಂದಿದೆ: ಇವತ್ತು ಯಂತ್ರದಲ್ಲಿ ಅಂಕ ಏರಿಸಿಕೊಂಡವರು ನಾಳೆ ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಚೆನ್ನಾಗಿ ಮಾಡುತ್ತಾರೆಯೇ?

ಅದೇ ಕೋಪನ್‌ಹೇಗನ್ ತಂಡ 2017ರಲ್ಲಿ ಇದಕ್ಕೂ ಉತ್ತರ ಹುಡುಕಿತು. 18 ಕಣ್ಣಿನ ಸರ್ಜನ್‌ಗಳ ನಿಜವಾದ ಆಪರೇಷನ್ ವಿಡಿಯೊಗಳನ್ನು ಯಂತ್ರದ ತರಬೇತಿಗೆ ಮುಂಚೆ ಮತ್ತು ನಂತರ ತೆಗೆದು, ಹೆಸರು ಮುಚ್ಚಿ ಅಂಕ ಹಾಕಿಸಿತು. ಹೊಸಬರ ಅಂಕ ಶೇ 32ರಷ್ಟು ಏರಿತು. 75ಕ್ಕಿಂತ ಕಡಿಮೆ ಕೇಸ್ ಮಾಡಿದ್ದವರದು ಶೇ 38ರಷ್ಟು ಏರಿತು. ಅದಕ್ಕಿಂತ ಹೆಚ್ಚು ಮಾಡಿದ್ದವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಬ್ರಿಟನ್ನಿನಲ್ಲಿ ಇನ್ನೂ ದೊಡ್ಡ ಲೆಕ್ಕ ಸಿಕ್ಕಿತು. ಅಲ್ಲಿ ಮೊದಲ ಎರಡು ವರ್ಷದ ಕಲಿಕೆಯಲ್ಲಿರುವವರ ಕೈಯಲ್ಲಿ ಪಿಸಿ ರೆಂಟ್ ಆಗುವ ಪ್ರಮಾಣ 2009ರಲ್ಲಿ ಶೇ 4.2 ಇತ್ತು, 2015ಕ್ಕೆ ಶೇ 2.6ಕ್ಕೆ ಇಳಿಯಿತು. ಸಿಮ್ಯುಲೇಟರ್‌ಗಳು ಅಲ್ಲಿನ ಆಸ್ಪತ್ರೆಗಳಿಗೆ ಹಬ್ಬಿದ ವರ್ಷಗಳು ಅವು. ಪೂರ್ತಿ ಶ್ರೇಯಸ್ಸನ್ನು ಯಂತ್ರಕ್ಕೇ ಕೊಡಲಾಗದು, ಆ ಅವಧಿಯಲ್ಲಿ ಬೇರೆ ಸುಧಾರಣೆಗಳೂ ಆಗಿರಬಹುದು. ಆದರೂ ಇಲ್ಲಿ ಎಣಿಸಿದ್ದು ರೋಗಿಯ ಕಣ್ಣಿನಲ್ಲಿ ಆದದ್ದನ್ನು. ಹಾಗಾಗಿ ಈ ಲೆಕ್ಕಕ್ಕೆ ತೂಕ ಹೆಚ್ಚು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ನನ್ನ ತೀರ್ಮಾನ ಇದು. ಸಿಮ್ಯುಲೇಟರ್ ಅಂಕವನ್ನು ಒಂದು ಬಾಗಿಲಿನ ಕಾವಲಿಗೆ ಬಳಸಬಹುದು: ಈ ವ್ಯಕ್ತಿ ಮೊದಲ ಕೇಸ್ ಮಾಡಲು ತಯಾರೋ ಇಲ್ಲವೋ. ಆ ಬಾಗಿಲು ದಾಟಿದ ಮೇಲೆ ಅದರ ಉಪಯೋಗ ಬೇಗ ಕಡಿಮೆಯಾಗುತ್ತದೆ. ಇಬ್ಬರು ಅನುಭವಿಗಳಲ್ಲಿ ಯಾರು ಮೇಲು ಅಂತ ಹೇಳಲು, ಬಡ್ತಿ ಕೊಡಲು, ಆಸ್ಪತ್ರೆ ಜಾಹೀರಾತಿನಲ್ಲಿ ಡಾಕ್ಟರ ಹೆಸರಿನ ಪಕ್ಕ ಹಾಕಲು ಅದನ್ನು ಬಳಸಬಾರದು.

ಯಾಕೆಂದರೆ ಯಂತ್ರ ನೋಡದೇ ಇರುವುದು ಬಹಳ ಇದೆ. ಪೊರೆ ಆಪರೇಷನ್ನಿನಲ್ಲಿ ರೋಗಿಗೆ ಎಚ್ಚರವಿರುತ್ತದೆ. ಕೆಮ್ಮು ಬರುತ್ತದೆ, ಬಟ್ಟೆಯಡಿ ಉಸಿರು ಕಟ್ಟಿದಂತಾಗಿ ತಲೆ ಅಲ್ಲಾಡಿಸುತ್ತಾರೆ, ಕನ್ನಡ ಬರದ ಡಾಕ್ಟರು ಹೇಳಿದ್ದು ಅರ್ಥವಾಗದೆ ಕಣ್ಣು ಹೊರಳಿಸುತ್ತಾರೆ. ಪೊರೆ ಬಲಿತು ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿದ ಕಣ್ಣುಗಳು ನಮ್ಮ ಶಿಬಿರಗಳಿಗೆ ಬರುತ್ತವೆ. ಪಾಪೆ ಸರಿಯಾಗಿ ಹಿಗ್ಗದ ಕಣ್ಣುಗಳೂ ಬರುತ್ತವೆ. ಇಂಥ ಹೊತ್ತಿನಲ್ಲಿ ‘ಸರ್, ಇನ್ನು ನೀವು ತಗೊಳ್ಳಿ’ ಅಂತ ಎದ್ದು ಸೀಟು ಬಿಟ್ಟುಕೊಡುವ ವಿವೇಕ ಇದೆಯಲ್ಲ, ಅದೂ ಸರ್ಜನ್ನಿನ ಕೌಶಲವೇ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿದವರಿಗೆ ಯಾವ ಯಂತ್ರವೂ ಅಂಕ ಕೊಡುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಯಾವುದಕ್ಕೆ ಅಂಕವೋ ಅದನ್ನೇ ಕಲಿಯುವುದು ವಿದ್ಯಾರ್ಥಿಗಳ ಸ್ವಭಾವ. ಸಮಯಕ್ಕೆ ಅಂಕ ಇಟ್ಟರೆ ಕೈ ಅವಸರ ಕಲಿಯುತ್ತದೆ. ಮೂರನೇ ಬಾರಿ ಅದೇ ಅಭ್ಯಾಸ ಮಾಡುವಾಗ ಯಂತ್ರ ಎಲ್ಲಿ ಅಂಕ ಕಳೆಯುತ್ತದೆ ಅಂತ ತಿಳಿದುಬಿಟ್ಟಿರುತ್ತದೆ, ಅದನ್ನಷ್ಟೇ ತಪ್ಪಿಸಿದರೆ ಸಾಕು ಅನಿಸುತ್ತದೆ. ಅದಕ್ಕೇ ಒಂದು ಸಲ ಗಳಿಸಿದ ಅತಿ ಹೆಚ್ಚು ಅಂಕಕ್ಕೆ ಅರ್ಥ ಕಡಿಮೆ. ಒಳ್ಳೆಯ ತರಬೇತಿ ಕೇಂದ್ರಗಳು ಬೇಕಾದ ಮಟ್ಟವನ್ನು ಒಂದಾದ ಮೇಲೊಂದು ಸಲ ಮುಟ್ಟಿ ತೋರಿಸಿ ಅಂತ ಕೇಳುತ್ತವೆ. ಅದೃಷ್ಟಕ್ಕೆ ಒಮ್ಮೆ ಬಂದ ಅಂಕ ಆಗ ಉಳಿಯುವುದಿಲ್ಲ. ಇನ್ನು ನುರಿತ ಸರ್ಜನ್ ಮೊದಲ ಬಾರಿ ಯಂತ್ರದ ಮುಂದೆ ಕೂತಾಗ ಕಡಿಮೆ ಅಂಕ ಬರುವುದೂ ಉಂಟು. ಕೈಗೆ ತಾಗಬೇಕಾದ ಸ್ಪರ್ಶ ತಾಗುವುದಿಲ್ಲ, ಪೆಡಲ್ಲಿನ ಹಿಡಿತ ಬೇರೆ. ಅದನ್ನು ಅವರ ಕೊರತೆ ಅಂತ ಓದುವುದು ತಪ್ಪು.

ಹಣದ ಮಾತು. ಇಂಥ ಒಂದು ಯಂತ್ರ ಕೋಟಿ ರೂಪಾಯಿಯ ಆಸುಪಾಸಿನ ವ್ಯವಹಾರ. ಆದರೆ ಕೌಶಲ ಅಳೆಯಲು ವರ್ಚುವಲ್ ರಿಯಾಲಿಟಿಯೇ ಬೇಕು ಅಂತಿಲ್ಲ. ಅಮೆರಿಕದಲ್ಲಿ ಜನರಲ್ ಸರ್ಜರಿಯ ಬೋರ್ಡ್ ಪ್ರಮಾಣಪತ್ರ ಬೇಕಾದರೆ ‘ಎಫ್‌ಎಲ್‌ಎಸ್’ ಎಂಬ ಲ್ಯಾಪರೊಸ್ಕೋಪಿ ಪರೀಕ್ಷೆ ಪಾಸಾಗಲೇಬೇಕು. ಅದರ ಕೈಕೆಲಸದ ಭಾಗ ನಡೆಯುವುದು ಕ್ಯಾಮೆರಾ ಇಟ್ಟ ಒಂದು ಸಾದಾ ಡಬ್ಬಿಯಲ್ಲಿ. ಗೂಟದಿಂದ ಗೂಟಕ್ಕೆ ತುಂಡು ಸಾಗಿಸುವುದು, ಗುರುತು ಹಾಕಿದ ವೃತ್ತವನ್ನು ಕತ್ತರಿಸುವುದು, ಕುಣಿಕೆ ಬಿಗಿಯುವುದು, ಎರಡು ಥರದ ಗಂಟು ಹಾಕುವುದು. ಮೆಕ್‌ಗಿಲ್ ವಿಶ್ವವಿದ್ಯಾಲಯದವರು ರೂಪಿಸಿದ ಈ ಐದು ಕೆಲಸಗಳು ಇಷ್ಟು ವರ್ಷ ನಿಂತಿವೆ. ಕಾರಣ, ಅವುಗಳ ಅಂಕವನ್ನು ಮೊದಲು ಪರೀಕ್ಷಿಸಿ ಆಮೇಲೆ ಕಡ್ಡಾಯ ಮಾಡಿದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಆಫ್ರಿಕಾದ್ದು. ಕೀನ್ಯಾ, ತಾಂಜಾನಿಯಾ, ಉಗಾಂಡ ಮತ್ತು ಜಿಂಬಾಬ್ವೆಯ ಸುಮಾರು 50 ಮಂದಿ ಕಲಿಯುವ ಕಣ್ಣಿನ ಡಾಕ್ಟರುಗಳ ಮೇಲೆ ಈ ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2021ರಲ್ಲಿ. ಅರ್ಧ ಜನರಿಗೆ ಕೇಪ್‌ಟೌನ್‌ನಲ್ಲಿ ಐದು ದಿನ ಕೃತಕ ಕಣ್ಣುಗಳ ಮೇಲೆ ತೀವ್ರ ಅಭ್ಯಾಸ ಮಾಡಿಸಿದರು. ಕಲಿಸಿದ್ದು ಎಸ್‌ಐಸಿಎಸ್, ಅಂದರೆ ಕಣ್ಣಿನ ಬಿಳಿ ಭಾಗದಲ್ಲಿ ಸಣ್ಣ ಸುರಂಗ ಮಾಡಿ ಪೊರೆಯನ್ನು ಕೈಯಿಂದ ಹೊರತೆಗೆಯುವ, ಹೊಲಿಗೆ ಬೇಡದ ವಿಧಾನ. ನಮ್ಮ ಶಿಬಿರಗಳಲ್ಲಿ ಜಾಸ್ತಿ ನಡೆಯುವುದೂ ಇದೇ. ಮುಂದಿನ ಒಂದು ವರ್ಷದಲ್ಲಿ ತರಬೇತಿ ಪಡೆದವರ ಕೈಯಲ್ಲಿ ಚೀಲದ ಹಿಂಭಾಗ ಹರಿದ ಪ್ರಮಾಣ ಶೇ 7.8. ಪಡೆಯದವರಲ್ಲಿ ಶೇ 26.6. ಈ ಎರಡನೇ ಸಂಖ್ಯೆಯನ್ನು ಓದಿ ಸುಮ್ನೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಅಭ್ಯಾಸವಿಲ್ಲದೆ ಕಳಿಸಿದ ಡಾಕ್ಟರುಗಳ ಕೈಯಲ್ಲಿ ನಾಲ್ಕರಲ್ಲಿ ಒಂದು ಕಣ್ಣು.

ಎಸ್‌ಐಸಿಎಸ್ ಕಲಿಸಲೆಂದೇ ಸ್ಪರ್ಶದ ಅನುಭವ ಕೊಡುವ ಸಿಮ್ಯುಲೇಟರ್ ಒಂದನ್ನು ‘ಹೆಲ್ಪ್‌ಮಿಸೀ’ ಎಂಬ ಸಂಸ್ಥೆ ಮಾಡಿಸಿದೆ. ಅದರ ಹಿಂದಿದ್ದವರು ವಿಮಾನ ಚಾಲಕರಿಗೆ ಸಿಮ್ಯುಲೇಟರ್ ತರಬೇತಿ ಕೊಡುವ ಕಂಪನಿ ಕಟ್ಟಿದ ಆಲ್ಬರ್ಟ್ ಉಲ್ಚಿ. ಆ ಯಂತ್ರಗಳು ಭಾರತಕ್ಕೂ ಬಂದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಹೊರಬಂದ ‘ಮಿಮಿಕ್’ ಎಂಬ ಪುಟ್ಟ ಕಂಪನಿ ಎಂಡೋಸ್ಕೋಪಿ ಕಲಿಸುವ ಸಿಮ್ಯುಲೇಟರ್ ಮಾಡಿದೆ. ಯಂತ್ರ ಮಾಡುವ ತಲೆ ನಮ್ಮಲ್ಲೇ ಇದೆ ಅನ್ನುವುದು ಖುಷಿಯ ವಿಷಯ.

ಚಿಂತೆ ಇರುವುದು ಬಳಸುವ ರೀತಿಯ ಬಗ್ಗೆ. ಪ್ರತಿ ಮೆಡಿಕಲ್ ಕಾಲೇಜಿನಲ್ಲೂ ಸ್ಕಿಲ್ಸ್ ಲ್ಯಾಬ್ ಇರಲೇಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಹೇಳುತ್ತದೆ. ಎಷ್ಟು ಜಾಗ ಇರಬೇಕು ಅಂತಲೂ ಅದರಲ್ಲಿದೆ. ತಪಾಸಣೆಗೆ ಬಂದವರು ಕೋಣೆಯನ್ನೂ ಗೊಂಬೆಗಳನ್ನೂ ಎಣಿಸಬಹುದು. ಆದರೆ ರೋಗಿಗೆ ಬೇಕಾದ ಪ್ರಶ್ನೆ ಬೇರೆ: ನನ್ನ ಕಣ್ಣಿಗೆ ಕೈ ಹಾಕುವ ಪಿಜಿ ವಿದ್ಯಾರ್ಥಿ ಆ ಲ್ಯಾಬಿನಲ್ಲಿ ಯಾವ ಮಟ್ಟ ಮುಟ್ಟಿದ್ದಾರೆ? ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ ಫೋಟೊ ತೆಗೆಸಿಕೊಂಡು ಸರ್ಟಿಫಿಕೇಟ್ ತಂದರೆ ಹಾಜರಿ ಸಾಬೀತಾಗುತ್ತದೆ, ಅಷ್ಟೇ.

ಕರ್ನಾಟಕದಲ್ಲಿ ಇದನ್ನು ಸರಿಮಾಡಲು ಪ್ರತಿ ಕಾಲೇಜಿಗೂ ಕೋಟಿ ಸುರಿಯಬೇಕಿಲ್ಲ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಹೀಗೆ ಕೆಲವೇ ಊರುಗಳಲ್ಲಿ ಯಂತ್ರ ಇಟ್ಟು ಸುತ್ತಲಿನ ಕಾಲೇಜುಗಳ ವಿದ್ಯಾರ್ಥಿಗಳು ಹಂಚಿಕೊಳ್ಳಬಹುದು. ಉಳಿದ ದಿನಗಳ ಅಭ್ಯಾಸಕ್ಕೆ ಅವರವರ ಕಾಲೇಜಿನಲ್ಲೇ ಕೃತಕ ಕಣ್ಣು ಸಾಕು, ಮೇಕೆ ಕಣ್ಣೂ ಆಗುತ್ತದೆ. ಪಾಸಾಗುವ ಮಟ್ಟವನ್ನು ಯಂತ್ರ ಮಾರುವ ಕಂಪನಿ ಹೇಳಿದಂತೆ ಇಟ್ಟುಕೊಳ್ಳಬಾರದು. ನಮ್ಮಲ್ಲೇ ಸಾವಿರಾರು ಎಸ್‌ಐಸಿಎಸ್ ಮಾಡಿದ ಸರ್ಜನ್‌ಗಳಿದ್ದಾರೆ. ಅವರನ್ನು ಕೂರಿಸಿ, ಅವರ ಅಂಕ ನೋಡಿ ಮಟ್ಟ ಗೊತ್ತುಮಾಡಬೇಕು. ಯಾವ ಅಭ್ಯಾಸದ ಅಂಕ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಆಗಲೇ ತಿಳಿಯುತ್ತದೆ. ಆ ಮಟ್ಟ ಮುಟ್ಟುವ ತನಕ ಓಟಿಯಲ್ಲಿ ಕೇಸ್ ಕೊಡಬಾರದು.

ಆಮೇಲೆ ಪ್ರತಿ ವಿದ್ಯಾರ್ಥಿಯ ಮೊದಲ 50 ಕೇಸುಗಳಲ್ಲಿ ಎಷ್ಟು ಪಿಸಿ ರೆಂಟ್ ಆಯಿತು, ಎಷ್ಟು ಕೇಸುಗಳನ್ನು ಸೀನಿಯರ್ ತೆಗೆದುಕೊಳ್ಳಬೇಕಾಯಿತು ಅಂತ ಬರೆದಿಟ್ಟು, ಅದನ್ನು ಯಂತ್ರದ ಅಂಕದ ಪಕ್ಕ ಇಟ್ಟು ನೋಡಬೇಕು. ವಿದ್ಯಾರ್ಥಿಗಳ ಹೆಸರು ಹೊರಗೆ ಬರುವುದು ಬೇಡ, ಕಾಲೇಜಿನ ಒಟ್ಟು ಲೆಕ್ಕವನ್ನು ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಸಾಕು. ಓಟಿಯ ರಿಜಿಸ್ಟರಿನಲ್ಲಿ ಇದರ ಬಹುಪಾಲು ಈಗಲೂ ಬರೆಯುತ್ತಾರೆ. ಆಪರೇಷನ್ ಮಾಡಿದವರು ಯಾರು ಎಂಬ ಕಾಲಮ್ಮಿನಲ್ಲಿ ಯೂನಿಟ್ ಮುಖ್ಯಸ್ಥರ ಹೆಸರಿನ ಜೊತೆ, ನಿಜವಾಗಿ ಉಪಕರಣ ಹಿಡಿದವರ ಹೆಸರೂ ಇರಬೇಕು. ಕೆಲಸ ಶುರುಮಾಡಲು ಅಷ್ಟು ಸಾಕು.